ಜೇನುಬಣ್ಣದ ಹನ್ನೆರಡು ಗುಳಿಗೆ

ಗೊಲ್ಲರಹಟ್ಟಿ, ಮದಲೂರು ಅಂಚೆ
ಶಿರಾ ತಾಲ್ಲೂಕು
15-6-1986

ತಾಯಿ ನಾಗಕ್ಕನಿಗೆ ನಿನ್ನ ಸೋದರಮಾವ ಕ್ಯಾತಣ್ಣ ಮಾಡುವ ಆಶೀರ್ವಾದ. ಇಲ್ಲಿ ನಾನು, ನಿನ್ನ ತಮ್ಮ ಓಬಯ್ಯ, ಎಂಬತ್ತಮೂರು ಕುರಿ, ಒಂದು ಮುದಿ ನಾಯಿ, ಎಲ್ಲರೂ ಗಟ್ಟಿಯಾಗಿದ್ದೇವೆ. ನಾಯಿಗೆ ಮಾತ್ರ ಕಿವಿ ಮಂದ.

ನಿನ್ನ ಕಾಗದ ಬಂತು. ಅಂಚೆಯ ಬೈಲಪ್ಪ ಹಟ್ಟಿಯ ಬೇಲಿ ದಾಟುವ ಮೊದಲೇ ಕೂಗಿಕೊಂಡು ಬಂದ. ಓಬಯ್ಯನನ್ನು ಕೂರಿಸಿಕೊಂಡು ಓದಿ ಹೇಳಿದೆ. ನಿನಗೆ ದೊಡ್ಡ ಡಾಕ್ಟರುಗಳ ಕಾಲೇಜಿನಲ್ಲಿ ಡಾಕ್ಟರ ಸಹಾಯಕಿಯಾಗಿ ಇಲಿ ನೋಡಿಕೊಳ್ಳುವ ಕೆಲಸ ಸಿಕ್ಕಿದೆ ಎಂದಾಗ ಅವನು ನಕ್ಕೇ ನಕ್ಕ. ಪಕ್ಕದ ಗುಡಿಸಲಿನ ಕೊಲ್ಲಾಪುರಮ್ಮನ ಬಾಯಿ ನಿನಗೆ ಗೊತ್ತಲ್ಲ, "ಇಲಿ ಸಾಕಾಕೆ ಬೆಂಗ್ಳೂರ್ಗಂಟ ಹೋಗ್ಬೇಕಾ? ನಮ್ ಗುಡ್ಲಾಗೆ ಸಂಬ್ಳ ಇಲ್ದಂಗೆ ಸಾಕ್ತಾ ಇಲ್ವಾ?" ಅಂದಳು. ಅಂದರೂ ಸಂತೋಷವೇ. ಕುರಿ ಕಾಯುವವರ ಮಗಳು ಸರ್ಕಾರಿ ಬಾಗಿಲು ದಾಟಿ ಒಳಗೆ ಹೋದದ್ದು ನಮ್ಮ ಹಟ್ಟಿಯಲ್ಲಿ ನೀನೇ ಮೊದಲು.

ನಾನು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ, ಬೆಲ್ಲ ಕಟ್ಟಿಕೊಟ್ಟ ಪೇಪರು ನೋಡಿ. ತಪ್ಪಿದ್ದರೆ ತಿದ್ದಿ ಓದಿಕೋ.

ಕಾಗದದ ಕೊನೆಯಲ್ಲಿ ಒಂದು ಮಾತು ಕೇಳಿದ್ದೀಯ. ಅಮ್ಮನಿಗೆ ಹೊಟ್ಟೆನೋವು ಬಂದ ಆ ಮೂರು ದಿನ ಏನೇನು ಕೊಟ್ಟಿರಿ ಎಂದು. ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನೀನು ಶಿರಾದ ಹಾಸ್ಟೆಲಿನಲ್ಲಿದ್ದೆ, ಓಬಯ್ಯ ಒಂಬತ್ತರವನು. ಕಷಾಯ ಗಿಷಾಯ ಏನೋ ಕೊಟ್ಟಿರಬೇಕು. ಜ್ವರ ನೆತ್ತಿಗೇರಿ ಹೋದಳು. ನನ್ನ ತಂಗಿಯ ಆಯಸ್ಸು ಅಷ್ಟೇ ಇತ್ತು. ನೆನಪಾದರೆ ಇನ್ನೊಮ್ಮೆ ಬರೆಯುತ್ತೇನೆ.

ಇಂತಿ, ಕ್ಯಾತಣ್ಣ

*

ಬೆಂಗಳೂರು
20-7-1986

ಪೂಜ್ಯ ಮಾವನವರ ಪಾದಗಳಿಗೆ ನಾಗಕ್ಕನ ನಮಸ್ಕಾರ.

ಇವತ್ತು ದೊಡ್ಡ ಸುದ್ದಿ ಇದೆ, ಓಬಯ್ಯನಿಗೂ ಓದಿ ಹೇಳಿ. ನಮ್ಮ ಡಾಕ್ಟರ್ ಗಂಗಾಧರಯ್ಯನವರು ಇಲಿಗಳ ಮೇಲೆ ಏನು ನೋಡುತ್ತಿದ್ದಾರೆ ಗೊತ್ತೇ? ಅಮ್ಮ ಸತ್ತಳಲ್ಲ, ಅದೇ ಕಾಯಿಲೆ. ಕರುಳು ತೂತಾಗಿ ಹೊಟ್ಟೆಯೊಳಗೆಲ್ಲ ಕೀವು ಹರಡುತ್ತದೆ, ಅಲ್ಲಿಂದ ನಂಜು ರಕ್ತಕ್ಕೆ ಏರುತ್ತದೆ, ಆಮೇಲೆ ಎರಡು ಮೂರು ದಿನ ಅಷ್ಟೇ. ನಂಜನ್ನು ಸುಡಲು ನಮ್ಮ ಮೈ ತಾನೇ ಒಂದು ಕಿಚ್ಚು ಹಚ್ಚುತ್ತದಂತೆ. ಆ ಕಿಚ್ಚು ಮಿತಿಮೀರಿದರೆ ಮೈಯನ್ನೇ ತಿನ್ನುತ್ತದೆ. ಡಾಕ್ಟರು ನನಗೆ ತಿಳಿಯುವ ಹಾಗೆ ಹೇಳಿದರು: "ಗಾಳಿಗಿಟ್ಟ ಕಬ್ಬಿಣವನ್ನು ತುಕ್ಕು ತಿನ್ನೋದಿಲ್ವಾ, ಹಾಗೆ." ಆ ತುಕ್ಕನ್ನು ತಡೆಯುವುದು ಒಂದು ವಿಟಮಿನ್. ಎಣ್ಣೆಯ ರೂಪದಲ್ಲಿ ಗುಳಿಗೆಯೊಳಗೆ ಇರುತ್ತದೆ.

ಇಪ್ಪತ್ತು ಇಲಿಗೆ ಗುಳಿಗೆಯ ಎಣ್ಣೆ, ಇಪ್ಪತ್ತಕ್ಕೆ ಇಲ್ಲ. ಗುಳಿಗೆ ಇಲ್ಲದವುಗಳಲ್ಲಿ ಹದಿನೈದು ಸತ್ತವು. ಗುಳಿಗೆ ತಿಂದವುಗಳಲ್ಲಿ ಆರೇ ಆರು! ನಾನೇ ನನ್ನ ಕೈಯಾರೆ ಎಣಿಸಿದೆ, ಮಾವ.

ಇದರ ಜೊತೆ ಸಣ್ಣ ಪಾರ್ಸಲಿನಲ್ಲಿ ಹನ್ನೆರಡು ಗುಳಿಗೆ ಕಳಿಸಿದ್ದೇನೆ. ಹಟ್ಟಿಯಲ್ಲಿ ಯಾರಿಗಾದರೂ ಅಮ್ಮನ ಹಾಗೆ ಹೊಟ್ಟೆನೋವು ಬಂದರೆ ಇರಲಿ. ನನಗೆ ಡಾಕ್ಟರೇ ಕೊಟ್ಟರು.

ಅಮ್ಮನಿಗೆ ಏನು ಕೊಟ್ಟಿರಿ ಎಂದು ನೆನಪಾಯಿತೇ?

ನಿಮ್ಮ ನಾಗಕ್ಕ

*

ಗೊಲ್ಲರಹಟ್ಟಿ
6-8-1986

ತಾಯಿ ನಾಗಕ್ಕನಿಗೆ ಆಶೀರ್ವಾದ.

ಗುಳಿಗೆ ತಲುಪಿದವು. ಎಂಥ ಬಣ್ಣ ತಾಯಿ, ಹೆಜ್ಜೇನಿನ ತುಪ್ಪವನ್ನು ಹನಿ ಹನಿಯಾಗಿ ಗಟ್ಟಿ ಮಾಡಿದ ಹಾಗಿವೆ. ಬಿಸಿಲಿಗೆ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ. ಹಟ್ಟಿಯವರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಕೊಲ್ಲಾಪುರಮ್ಮ ಒಂದನ್ನು ಮೂಸಿ, "ಇದ್ನ ನುಂಗಿದ್ರೆ ಇಲಿ ಹಂಗೆ ಬಾಲ ಬಂದ್ಬುಟ್ರೆ ಏನ್ಲಾ ಮಾಡಾದು?" ಅಂದಳು. ತಗಡಿನ ಡಬ್ಬಿಯಲ್ಲಿ ಹಾಕಿ ತೊಲೆಗೆ ಕಟ್ಟಿದ್ದೇನೆ.

ತುಕ್ಕು ಎಂದು ಬರೆದಿದ್ದೀಯಲ್ಲ, ಆ ಮಾತು ನನ್ನ ತಲೆಗೆ ಚೆನ್ನಾಗಿ ಹತ್ತಿತು. ಉಣ್ಣೆ ಕತ್ತರಿಸುವ ಕತ್ತರಿಗೆ ಹರಳೆಣ್ಣೆ ಸವರಿ ಬಟ್ಟೆ ಸುತ್ತಿಡುತ್ತೇನೆ. ನಮ್ಮಪ್ಪನ ಕಾಲದ ಕತ್ತರಿ, ಇವತ್ತಿಗೂ ಅಲಗು ಥಳ ಥಳ. ನಿಮ್ಮ ಡಾಕ್ಟರು ಬುದ್ಧಿವಂತರು. ನನಗೂ ಅವರಿಗೂ ಒಂದೇ ವಿದ್ಯೆ ಅನ್ನಿಸಿ ಒಳಗೊಳಗೇ ಜಂಬಪಟ್ಟೆ.

ಇನ್ನೊಂದು ಕೇಳಿದ್ದೀಯ. ಹಳೆಯದು ತಾಯಿ, ಬಿಡು. ಈ ಸಲ ಮಾರಿಗುಡ್ಡದ ಕಡೆ ಮೇವು ಚೆನ್ನಾಗಿದೆ.

ಇಂತಿ, ಕ್ಯಾತಣ್ಣ

*

ಕಾರ್ಡು
ಬೆಂಗಳೂರು, 2-10-1986

ಮಾವನಿಗೆ ನಮಸ್ಕಾರ. ಇಲ್ಲಿ ಸಂಜೆಯಾದರೆ ಚಳಿ. ಕೆಲಸ ಜಾಸ್ತಿ. ಇಲಿಗಳ ಎರಡನೆಯ ತಂಡ ಮುಗಿಯಿತು. ಅದರ ವಿಚಾರ ಕಾರ್ಡಿನಲ್ಲಿ ಬರೆಯಲು ಜಾಗ ಸಾಲದು. ಆಮೇಲೆ ಬರೆಯುತ್ತೇನೆ. ಓಬಯ್ಯನಿಗೆ ಕಂಬಳಿ ಹೊದ್ದು ಮಲಗಲು ಹೇಳಿ. ನಾಗಕ್ಕ

*

ಗೊಲ್ಲರಹಟ್ಟಿ
11-11-1986, ಬೆಳಿಗ್ಗೆ

ತಾಯಿ ನಾಗಕ್ಕನಿಗೆ ಆಶೀರ್ವಾದ, ಆಶೀರ್ವಾದ, ನೂರು ಆಶೀರ್ವಾದ.

ನಿನ್ನ ಗುಳಿಗೆ ಗೆದ್ದಿತು. ಮೊನ್ನೆ ಸಂಜೆ ಓಬಯ್ಯ ಕುರಿ ಹೊಡೆದುಕೊಂಡು ಬಂದವನೇ ಹೊಕ್ಕುಳ ಸುತ್ತ ನೋವೆಂದು ಮುದುರಿ ಕೂತ. ವಾಂತಿ ಬೇರೆ. ಆಮೇಲೆ ನೋವು ಬಲಗಡೆಗೆ ಇಳಿಯಿತು, ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಅವನು, "ಮಾವ, ಬಸ್ಗೆ ಶಿರಾಕ್ಕೋಗಾನಾ?" ಅಂದ. ನಾನು, "ನಿಮ್ಮಕ್ಕ ಕಳ್ಸಿರೋ ಔಸ್ದಿ ತೊಲೆ ಮ್ಯಾಲೈತೆ, ಶಿರಾ ಯಾಕ್ಲಾ?" ಅಂದೆ. ಎರಡು ಕೊಟ್ಟೆ. ನಿನ್ನೆ ಬೆಳಿಗ್ಗೆ ಎರಡು, ಸಂಜೆ ಎರಡು. ಇವತ್ತು ನಸುಕಿನಲ್ಲಿ ಇನ್ನೊಂದು ಕೊಟ್ಟೆ ನೋಡು, ಸ್ವಲ್ಪ ಹೊತ್ತಿಗೆ ನೋವೆಲ್ಲ ಕೈಯಲ್ಲಿ ತೆಗೆದು ಹಾಕಿದ ಹಾಗೆ ನಿಂತುಹೋಯಿತು! "ಹಗುರ ಆಯ್ತು ಮಾವ" ಅಂದು ಈಗ ನಿದ್ದೆ ಮಾಡುತ್ತಿದ್ದಾನೆ.

ಹಟ್ಟಿಯವರೆಲ್ಲ ನಿನ್ನ ಹೆಸರೇ ಹೇಳುತ್ತಿದ್ದಾರೆ. ಏಳು ಖರ್ಚಾಗಿ ಐದು ಉಳಿದಿವೆ. ಡಾಕ್ಟರಿಗೆ ಈ ಕಾಗದ ತೋರಿಸು. ಇಲಿಯಲ್ಲ, ಮನುಷ್ಯನೇ ಉಳಿದ ಎಂದು ಹೇಳು.

ಬೈಲಪ್ಪ ಕಾಯುತ್ತಿದ್ದಾನೆ. ಇಂತಿ, ಕ್ಯಾತಣ್ಣ

*

ತಂತಿ
ಬೆಂಗಳೂರು, 14-11-1986

ಓಬಯ್ಯನನ್ನು ಈ ಕ್ಷಣ ಆಸ್ಪತ್ರೆಗೆ ಸೇರಿಸಿ. ಗುಳಿಗೆ ನಂಬಬೇಡಿ. ನೋವು ನಿಂತರೆ ಅಪಾಯ. ನಾಗಕ್ಕ

*

ಬೆಂಗಳೂರು
14-11-1986

ಮಾವನಿಗೆ,

ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕಾಗದ ಮೂರು ದಿನದ ಹಿಂದಿನದು. ಇವತ್ತು ಕೈಗೆ ಸಿಕ್ಕಿತು. ನಾನು ಡಾಕ್ಟರ ಹತ್ತಿರ ಓಡಿದೆ. ಹುಣ್ಣಾದ ಕರುಳು ಒಡೆದ ತಕ್ಷಣ ನೋವು ಸ್ವಲ್ಪ ಹೊತ್ತು ನಿಲ್ಲುತ್ತದಂತೆ. ಅದು ಗುಣವಲ್ಲ, ಒಳಗೆ ಕೀವು ಚೆಲ್ಲಿದ ಗುರುತು.

ನಾನು ಮಾಡಿದ್ದನ್ನು ಕೇಳಿ. ಆ ಗುಳಿಗೆ ತಿಂದು ಉಳಿದ ಇಲಿಗಳಿಗೆ ಕಾಯಿಲೆ ಬರಿಸುವ ಮೂರು ದಿನ ಮೊದಲಿನಿಂದಲೇ ಗುಳಿಗೆಯ ಎಣ್ಣೆ ಕುಡಿಸಿದ್ದರು. ಅವುಗಳನ್ನು ಹಿಡಿದುಕೊಂಡಿದ್ದವಳು ನಾನೇ. ಅದು ನನಗೆ ಗೊತ್ತಿತ್ತು. ನಿಮಗೆ ಬರೆಯುವಾಗ ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಅದನ್ನು ಸೇರಿಸಿದರೆ ಸುದ್ದಿ ಚಿಕ್ಕದಾಗುತ್ತಿತ್ತು, ಹಟ್ಟಿಯಲ್ಲಿ ಓದಿ ಹೇಳುವಾಗ ದೊಡ್ಡದಾಗಿ ಕೇಳಿಸಲಿ ಅಂದುಕೊಂಡೆ. ಎರಡನೆಯ ತಂಡದಲ್ಲಿ ಕಾಯಿಲೆ ಬಂದ ಮೇಲೆ ಗುಳಿಗೆ ಕೊಟ್ಟರು. ಕೊಟ್ಟವುಗಳಲ್ಲಿ ಹದಿನಾಲ್ಕು ಸತ್ತವು, ಕೊಡದವುಗಳಲ್ಲಿ ಹದಿನೈದು. ಒಂದೇ ಒಂದು ಇಲಿಯ ವ್ಯತ್ಯಾಸ. ಸೆಪ್ಟೆಂಬರ್ ಇಪ್ಪತ್ತೆಂಟಕ್ಕೇ ಇದು ಗೊತ್ತಾಗಿತ್ತು. ಕಾರ್ಡಿನಲ್ಲಿ ಜಾಗ ಸಾಲದು ಎಂದು ಬರೆದೆನಲ್ಲ, ಜಾಗ ಇತ್ತು ಮಾವ. ನನಗೆ ಮುಖ ಇರಲಿಲ್ಲ.

ಗುಳಿಗೆಯನ್ನು ಡಾಕ್ಟರು ಕೊಡಲಿಲ್ಲ. ಬೀರುವಿನಿಂದ ದಿನಕ್ಕೊಂದರಂತೆ ನಾನೇ ತೆಗೆದದ್ದು. ನಾನು ಡಾಕ್ಟರ ಸಹಾಯಕಿಯೂ ಅಲ್ಲ. ಪಂಜರ ತೊಳೆಯುತ್ತೇನೆ, ಸತ್ತದ್ದನ್ನು ಎಣಿಸುತ್ತೇನೆ.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಓಬಯ್ಯ ಇದ್ದಾನೆಯೇ?

ನಾಗಕ್ಕ

*

ಗೊಲ್ಲರಹಟ್ಟಿ
4-1-1987

ತಾಯಿ ನಾಗಕ್ಕನಿಗೆ,

ತುಮಕೂರಿನ ಆಸ್ಪತ್ರೆಗೆ ನೀನು ನಾಲ್ಕು ಸಲ ಬಂದೆ. ನಾಲ್ಕು ಸಲವೂ ನೀನು ಮಂಚದ ಈಚೆ ಬಂದರೆ ನಾನು ಟೀ ತರುವ ನೆಪದಲ್ಲಿ ಆಚೆ ಹೋದೆ. ಓಬಯ್ಯ ಕೊನೆಗೆ, "ಮಾವಂಗೆ ಟೀ ಚಟ ಅಂಟ್ಕಂಬುಟ್ಟೈತೆ" ಎಂದು ನರ್ಸಮ್ಮನ ಹತ್ತಿರ ದೂರು ಹೇಳಿದ. ಚಟವಲ್ಲ. ನಿನ್ನ ಮುಖಕ್ಕೆ ಮುಖ ಕೊಟ್ಟು ಆಡಲು ಬಾಯಿ ಬರಲಿಲ್ಲ. ಕಾಗದಕ್ಕಾದರೆ ಕಣ್ಣಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆವತ್ತು ನಿನಗೆ ಗೆದ್ದ ಕಾಗದ ಬರೆದು ಬೈಲಪ್ಪನ ಕೈಗೆ ಕೊಟ್ಟೆನಲ್ಲ, ಅವನ ಸೈಕಲ್ಲು ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದೆ. ಅಷ್ಟು ಖುಷಿ. ಮಧ್ಯಾಹ್ನ ಓಬಯ್ಯ ಎದ್ದ. "ಮಾವ, ಒಸಿ ಅಂಬ್ಲಿ ಕೊಡು. ಉಪ್ಪಾಕಿ ಕೊಡು" ಅಂದ. ಅಂಬಲಿ ಬಟ್ಟಲು ಕೈಯಲ್ಲಿ ಹಿಡಿದವನು ಅಲ್ಲೇ ನಿಂತೆ. ಬಟ್ಟಲು ಕೆಳಗಿಟ್ಟು ಅವನ ಹೊಟ್ಟೆ ಮುಟ್ಟಿದೆ. ಹಲಗೆಯಷ್ಟು ಗಟ್ಟಿ. ಪಾದ ಮುಟ್ಟಿದೆ. ಮಡಕೆ ನೀರಿನಷ್ಟು ತಣ್ಣಗೆ. ಅದೇ ಮಾತು, ಅದೇ ಹೊಟ್ಟೆ, ಅದೇ ಪಾದವನ್ನು ನಾನು ಹಿಂದೆ ಒಂದು ಸಲ ನೋಡಿದ್ದೆ.

ಗಾಡಿ ಕಟ್ಟಿಸಿ ಮದಲೂರಿಗೆ, ಅಲ್ಲಿಂದ ಶಿರಾಕ್ಕೆ. ಶಿರಾದ ಡಾಕ್ಟರು ಹೊಟ್ಟೆಯ ಮೇಲೆ ಕೈ ಇಟ್ಟು ತೆಗೆಯುವುದರೊಳಗೆ ತುಮಕೂರಿಗೆ ಜೀಪು ಹೊರಡಿಸಿದರು. ಮುಂದಿನದು ನೀನೇ ನೋಡಿದ್ದೀಯ. ಕೀವು ತೆಗೆದದ್ದು, ಹೊಟ್ಟೆಗೆ ಕೊಳವೆ ಇಟ್ಟದ್ದು, ಹತ್ತು ದಿನ ಅವನು ನಮ್ಮನ್ನು ಗುರುತಿಸದೇ ಇದ್ದದ್ದು.

ನೀನು ನೋಡದ್ದು ಒಂದಿದೆ. ಆಪರೇಷನ್ನು ಮುಗಿಸಿ ಬಂದ ಡಾಕ್ಟರು ನನ್ನನ್ನು ಕೇಳಿದರು: "ಹರಳೆಣ್ಣೆ ಗಿರಳೆಣ್ಣೆ ಕುಡಿಸಿಲ್ಲ ತಾನೆ? ಕುಡಿಸಿದ್ದರೆ ಒಂದು ದಿನ ಮುಂಚೆಯೇ ಒಡೆದುಹೋಗಿರೋದು." ನಾನು, "ಈ ಸಲ ಕುಡಿಸಿಲ್ಲ ಸ್ವಾಮಿ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

ನೀನು ಕೇಳಿದ್ದಕ್ಕೆ ಉತ್ತರ ಇದು, ತಾಯಿ. ನಿನ್ನ ಅಮ್ಮನಿಗೆ ನಾನು ಕೊಟ್ಟದ್ದು ಹರಳೆಣ್ಣೆ. ಹೊಟ್ಟೆ ಉಬ್ಬರಿಸಿದ ಕುರಿಯ ಬಾಯಿಗೆ ಬಿದಿರಿನ ಗೊಟ್ಟ ಇಟ್ಟು ಎಣ್ಣೆ ಹೊಯ್ದರೆ ಎದ್ದು ಓಡುತ್ತದೆ. ನನ್ನ ಕೈಯಲ್ಲಿ ಹಾಗೆ ಎದ್ದ ಕುರಿಗಳಿಗೆ ಲೆಕ್ಕವಿಲ್ಲ. ಆ ಹೆಸರಿನ ಮೇಲೇ ನಾನು ನಿಂತಿದ್ದೆ. ನನ್ನ ತಂಗಿ ಕೆಂಪಕ್ಕ ಲೋಟದಲ್ಲಿ ಕೊಟ್ಟದ್ದನ್ನು ಕಕ್ಕಿದಳು. ಅವಳಿಗೂ ಗೊಟ್ಟ ಹಾಕಿದೆ. ಒಂದು ಸಲವಲ್ಲ, ಮೂರು ಸಲ. ಹೊಕ್ಕುಳ ಪಕ್ಕ ಬರೆಯನ್ನೂ ಎಳೆದೆ. "ಅಣ್ಣಯ್ಯಾ, ನನ್ನ ಬಸ್ಗೆ ಹಾಕು" ಅಂದಳು. "ನಾನಿರುವಾಗ ಬಸ್ ಯಾಕವ್ವಾ?" ಅಂದೆ. ಮೂರನೆಯ ದಿನ ನೋವು ನಿಂತಿತು. ಅಂಬಲಿ ಕೇಳಿದಳು. ನಾನು ಹಟ್ಟಿಯವರ ಕಡೆ ತಿರುಗಿ, "ನೋಡಿದ್ರಾ?" ಅಂದೆ. ಮಾರನೆಯ ಬೆಳಗು ಅವಳಿರಲಿಲ್ಲ.

ಜ್ವರ ನೆತ್ತಿಗೇರಿತು ಎಂದು ಎಲ್ಲರಿಗೂ ಹೇಳಿದವನು ನಾನು. ಆವತ್ತಿನಿಂದ ಮನುಷ್ಯರ ಬಾಯಿಗೆ ಗೊಟ್ಟ ಇಟ್ಟಿಲ್ಲ. ಕೇಳಿದವರಿಗೆ ನಮ್ಮ ಹಟ್ಟಿಯ ದೇವರು ಜುಂಜಪ್ಪನಿಗೆ ಹರಕೆ ಹೊತ್ತಿದ್ದೇನೆ ಅಂದೆ. ಅದೂ ಸುಳ್ಳು. ಅಷ್ಟೆಲ್ಲ ಆಗಿ, ಹನ್ನೆರಡು ವರ್ಷ ಅದನ್ನೇ ಅರಗಿಸಿಕೊಳ್ಳಲಾರದೆ ಇದ್ದವನು, ನಿನ್ನ ಗುಳಿಗೆ ಬಂದ ಕೂಡಲೇ ಮತ್ತೆ ಅದೇ ಮಾತು ಆಡಿದೆ. ಮೊದಲ ಸಲ ಕುರಿಯ ಮದ್ದನ್ನು ಮನುಷ್ಯರಿಗೆ ಹಾಕಿದೆ, ಈ ಸಲ ಇಲಿಯ ಮದ್ದನ್ನು.

ನೀನು ಮೂರು ದಿನ ಮೊದಲು ಎಂಬ ಮಾತು ಬಿಟ್ಟೆ ಎಂದು ಅಳಬೇಡ. ತುಕ್ಕು ಅಂದೆಯಲ್ಲ, ಅಷ್ಟು ಸಾಕಿತ್ತು. ಕತ್ತರಿಗೆ ಎಣ್ಣೆ ಸವರಿ ಇಡುವವನು ನಾನು. ತುಕ್ಕು ತಿಂದು ಅಲಗು ಉದುರಿದ ಮೇಲೆ ಡಬ್ಬಿ ಎಣ್ಣೆ ಸುರಿದರೂ ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲೇ ಸವರಿದ್ದೋ, ಆಮೇಲೋ ಎಂದು ಒಂದು ಸಾಲು ಬರೆದು ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ ನಾನು ಒಂದು ಕೇಳಿದರೆ ನೀನು ಮತ್ತೆ ಅಮ್ಮನ ವಿಚಾರ ಕೇಳುತ್ತಿದ್ದೆ.

ಓಬಯ್ಯನನ್ನು ಕರೆದುಕೊಂಡು ಹಟ್ಟಿಗೆ ಬಂದ ದಿನ ಏನಾಯಿತು ಗೊತ್ತೇ? ಜನವೆಲ್ಲ ಸೇರಿ, ಕ್ಯಾತಣ್ಣನ ಗುಳಿಗೆಯಿಂದಲೇ ಹುಡುಗ ಬದುಕಿದ ಅಂದರು. ಉಳಿದ ಐದು ನನಗಿರಲಿ ತನಗಿರಲಿ ಎಂದು ಪೈಪೋಟಿ. ಕೊಲ್ಲಾಪುರಮ್ಮ ಸೆರಗು ಒಡ್ಡಿದಳು. "ಎಲ್ಡ್ ನಂಗೆ ಕೊಡಪ್ಪ, ಮಡಿಕ್ಕಂಡಿರ್ತೀನಿ. ಕೊಡಾಕೆ ಹೊಟ್ಟೆ ಉರಿಯಾ?" ಅಂದಳು. ಅಲ್ಲಿ ಸುಮ್ಮನಿದ್ದರೆ ಇನ್ನೊಬ್ಬರ ಮನೆಯಲ್ಲಿ ಇನ್ನೊಂದು ಬಟ್ಟಲು ಅಂಬಲಿ. ಹೇಳಿಬಿಟ್ಟೆ, ತಾಯಿ. ಗುಳಿಗೆಯದೂ ಹೇಳಿದೆ, ಗೊಟ್ಟದ್ದೂ ಹೇಳಿದೆ, ಹರಕೆಯದೂ ಹೇಳಿದೆ. ಕೊಲ್ಲಾಪುರಮ್ಮ ಸೆರಗು ಕೊಡವಿ ಎದ್ದು ನಿಂತಳು.

"ನೀನೊಬ್ನೇ ಕೊಂದೆ ಅಂತ ದೊಡ್ಡಸ್ತಿಕೆ ಮಾಡ್ಬ್ಯಾಡ ಕಣೋ. ಕೆಂಪಿ ತಲೆ ನನ್ ತೊಡೆ ಮ್ಯಾಲಿತ್ತು. ಅವ್ಳ ದವಡೆ ಅಗಲ್ಸಿ ಹಿಡ್ಕಂಡಿದ್ದೋಳು ಯಾರು? ನಿಮ್ಮಜ್ಜೀನಾ?" ಅಂದಳು. ಅಂದವಳು ಗುಡಿಸಲಿಗೆ ಹೋಗಿ ತಡಿಕೆ ಎಳೆದುಕೊಂಡಳು. ಅಷ್ಟು ವರ್ಷ ದಿನಾ ಎದುರುಬದುರು ಕೂತವರು ನಾವು. ಅವಳ ಒಳಗೂ ಅದೇ ಇತ್ತೆಂದು ನನಗೆ ಆವತ್ತೇ ಗೊತ್ತಾದದ್ದು.

ಓಬಯ್ಯ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೇಲಿಯ ಹತ್ತಿರ ಮರಿಗಳನ್ನು ಬಿಟ್ಟುಕೊಂಡು ಕೂತಿರುತ್ತಿದ್ದ. ಮೂರನೆಯ ದಿನ ಅವನಾಗಿಯೇ ಕೇಳಿದ.

"ಅವ್ವ ಎಷ್ಟೊತ್ತಲ್ಲಿ ಅಂಬ್ಲಿ ಕೇಳಿದ್ಲು?"

"ಹೊತ್ತು ಮುಳುಗಾಕೆ ಮುಂಚೆ."

"ಕೊಟ್ಯಾ?"

"ಕೊಟ್ಟೆ ಕಣಪ್ಪ."

"ಕುಡುದ್ಲಾ?"

"ಅರ್ಧ."

ಓಬಯ್ಯ ಎದ್ದು ಹೋಗಿ ಮರಿಗಳಿಗೆ ನೀರು ಇಟ್ಟ.

ಉಳಿದ ಐದು ಗುಳಿಗೆ ಇದರೊಂದಿಗೆ ಇವೆ. ತೆಗೆದ ಬೀರುವಿಗೇ ಸೇರಿಸು, ಡಾಕ್ಟರಿಗೆ ಹೇಳಿಯೇ ಸೇರಿಸು. ಹೇಳುವಾಗ ಬಾಯಿ ಒಣಗುತ್ತದೆ, ನನಗೆ ಗೊತ್ತು. ಆದರೂ ಹೇಳಿದ ಮೇಲೆ ಕಾಲು ನೆಲದ ಮೇಲೆ ನಿಲ್ಲುತ್ತದೆ.

ಇನ್ನೊಂದು ತಪ್ಪು ಉಳಿದಿದೆ. ನಿನ್ನ ಕಾಗದಗಳನ್ನು ಓಬಯ್ಯನಿಗೆ ಓದಿ ಹೇಳಿದೆ ಎಂದು ಬರೆಯುತ್ತಿದ್ದೆನಲ್ಲ, ನೀನು ಅಮ್ಮನ ವಿಚಾರ ಕೇಳಿದ ಸಾಲು ಬಂದಾಗಲೆಲ್ಲ ಹಾರಿಸಿ ಓದಿದೆ. ಅವನಿಗೆ ಅಕ್ಷರ ಬಾರದು, ನನ್ನ ಬಾಯನ್ನೇ ನಂಬಿದ್ದ. ನನಗೆ ಉತ್ತರ ಬರೆಯಲು ಮನಸ್ಸಾಗದಿದ್ದರೆ ಬೇಡ. ಅವನ ಹೆಸರಿಗೆ ಬರಿ. ಅದರಲ್ಲಿ ನನ್ನನ್ನು ಏನೆಂದು ಬೈದಿದ್ದರೂ ಅವನ ಎದುರಿಗೆ ಕೂತು ಗಟ್ಟಿಯಾಗಿ ಓದುತ್ತೇನೆ. ಒಂದಕ್ಷರ ಬಿಡುವುದಿಲ್ಲ.

ಕ್ಯಾತಣ್ಣ

*

ಬೆಂಗಳೂರು
18-1-1987

ತಮ್ಮ ಓಬಯ್ಯನಿಗೆ ಅಕ್ಕ ಬರೆದದ್ದು. ಮಾವ ಓದುತ್ತಾರೆ, ಕೇಳಿಸಿಕೋ.

ಗುಳಿಗೆ ತೆಗೆದದ್ದನ್ನು ಡಾಕ್ಟರಿಗೆ ಹೇಳಿದೆ. ಬೀರುವಿನ ಬೀಗದ ಕೈ ನನ್ನಿಂದ ವಾಪಸು ತೆಗೆದುಕೊಂಡರು. ಕೆಲಸ ಉಳಿಯಿತು. ನಿನ್ನ ವಿಚಾರ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಇಲಿಗಳ ಎರಡನೆಯ ತಂಡದ ಲೆಕ್ಕವನ್ನು ಬರವಣಿಗೆಯಲ್ಲಿ ಮೊದಲನೆಯದರ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಹಾಕುತ್ತೇನೆ ಎಂದರು.

ಅಮ್ಮನ ವಿಚಾರ ಓದಿ ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಯಾವಾಗ ಹೋಗುತ್ತದೋ ಗೊತ್ತಿಲ್ಲ. ಅವಳು ಬಸ್ಸಿಗೆ ಹಾಕು ಎಂದದ್ದು ನನ್ನ ಕಿವಿಯಲ್ಲೇ ಇದೆ. ಇದನ್ನು ಮಾವ ಓದುವಾಗ ನಿಲ್ಲಿಸಿದರೆ, ಮುಂದೆ ಓದು ಎಂದು ನೀನು ಹೇಳು.

ನಾನೂ ಸಾಲು ಹಾರಿಸಿದವಳೇ. ಅವರು ಓದುವಾಗ ಹಾರಿಸಿದರು, ನಾನು ಬರೆಯುವಾಗ. ನಡುವೆ ಸಿಕ್ಕಿಕೊಂಡವನು ನೀನು. ಅದಕ್ಕೆ ನೀನು ನಮ್ಮಿಬ್ಬರನ್ನೂ ಬೈಯಬಹುದು. ಬೈದದ್ದನ್ನು ಮಾವನ ಕೈಯಲ್ಲೇ ಬರೆಸಿ ಕಳಿಸು.

ಇಷ್ಟು ಗಟ್ಟಿಯಾಗಿ ಓದಿ ಮಾವನ ಗಂಟಲು ಒಣಗಿರುತ್ತದೆ. ಎದ್ದು ಒಂದು ಬಟ್ಟಲು ಅಂಬಲಿ ತಂದುಕೊಡು. ಉಪ್ಪು ಹಾಕಿ ಕೊಡು. ಪೂರ್ತಿ ಕುಡಿಯುವ ತನಕ ಎದುರಿಗೇ ಕೂತಿರು.

ನಿನ್ನ ಅಕ್ಕ, ನಾಗಕ್ಕ